ಹೊಲಿಗೆ ಹಾಕಿದ ಭೂತಗಳು

ಭೂತ, ಪ್ರೇತ, ಪಿಶಾಚಿಗಳ ವಿಷಯದಲ್ಲಿ ನನ್ನ ಸೋದರಮಾವನಷ್ಟು ಅಧಿಕಾರದಿಂದ ಮಾತಾಡುವವರು ಆರ್.ಟಿ. ನಗರದಿಂದ ಯಲಹಂಕದವರೆಗೆ ಇನ್ನೊಬ್ಬರಿರಲಿಲ್ಲ. ಆದರೆ ಅವನು ಒಂದೇ ಒಂದು ಭೂತದ ಮುಖವನ್ನೂ ಸರಿಯಾಗಿ ನೋಡಿದವನಲ್ಲ! ನಿಜವಾದ ಭೂತದ ಮಾತು ಬಿಡಿ, ಅದನ್ನು ನಾವ್ಯಾರೂ ನೋಡಿಲ್ಲ. ನಾನು ಹೇಳುತ್ತಿರುವುದು ಕಾಗದದ ಮೇಲೆ ಅಚ್ಚು ಹಾಕಿದ ಭೂತಗಳ ಬಗ್ಗೆ. ಅದು ಹೇಗೆ ಸಾಧ್ಯ ಅಂತ ಕೇಳುತ್ತೀರಾ? ಹೇಳುತ್ತೇನೆ, ತಡೆಯಿರಿ. ನಗು ಬಂದರೆ ನಕ್ಕುಬಿಡಿ, ನಾನೂ ಬೇಕಾದಷ್ಟು ನಕ್ಕಿದ್ದೇನೆ.

ಮಾವ ಅಂದರೆ ಅಮ್ಮನ ಒಬ್ಬನೇ ತಮ್ಮ. ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಆಗ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಸೈಟುಗಳ ತುಂಬ ಲಂಟಾನ ಪೊದೆ. ಅಂಥ ಬಡಾವಣೆಯಲ್ಲಿ ಮಾವ ಹೆದರದ ವಸ್ತುವೇ ಇರಲಿಲ್ಲ. ನಾಯಿಗೆ ಹೆದರುತ್ತಿದ್ದ, ಹಲ್ಲಿಗೆ ಹೆದರುತ್ತಿದ್ದ, ಸಂಜೆ ತಂತಿಯ ಮೇಲೆ ಅಲ್ಲಾಡುತ್ತಿದ್ದ ತನ್ನದೇ ಬನಿಯನ್ನಿಗೂ ಹೆದರುತ್ತಿದ್ದ! ಅವನ ಕೆಲಸ ಹೆಬ್ಬಾಳದ ಆಚೆಯ ಒಂದು ಕೋಳಿ ಫಾರಂನಲ್ಲಿ. ಕೋಳಿ ಕಂಡರೂ ಅವನಿಗೆ ಭಯ. "ಅದಕ್ಕೇ ಕಣೇ ಪುಟ್ಟಿ, ಮೊಟ್ಟೆ ಕೌಂಟರ್ ಕೇಳಿ ತಗೊಂಡಿದ್ದು. ಮೊಟ್ಟೆ ಕುಕ್ಕಲ್ಲ," ಅನ್ನುತ್ತಿದ್ದ.

ಇಂಥ ಧೀರನಿಗೆ ಹಿಡಿದಿದ್ದ ಹುಚ್ಚು 'ಕಗ್ಗತ್ತಲ ಬೇಟೆಗಾರರು' ಅನ್ನುವ ಕಾಮಿಕ್ಸ್! ಯಶವಂತಪುರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಪ್ರೆಸ್ಸಿತ್ತು. ಅದರ ಮುಖ್ಯ ಕಸುಬು ಲಗ್ನಪತ್ರಿಕೆ. ಲಗ್ನಪತ್ರಿಕೆಗೆ ತಂದ ಬಣ್ಣ ಮಿಕ್ಕಿದರೆ ತಿಂಗಳಿಗೊಂದು ಭೂತದ ಪುಸ್ತಕ. ಹೀಗಾಗಿ ಪಿಶಾಚಿಗಳ ರಕ್ತ ಅಪ್ಪಟ ಕುಂಕುಮದ ಬಣ್ಣ, ಕಣ್ಣು ಅರಿಶಿನದ ಬಣ್ಣ. ಮದುವೆ ಸೀಸನ್ ಶುರುವಾಯಿತೆಂದರೆ ಊರಿನ ಭೂತಗಳಿಗೆಲ್ಲ ರಜೆ.

ಕಥೆ ಮಾತ್ರ ತಮಾಷೆಯದಲ್ಲ. ಮೂವರು ಬೇಟೆಗಾರರು ಊರೂರು ಅಲೆದು, ಪಾಳು ಬಾವಿ, ಕೆರೆಯ ತೂಬು, ಬಿದ್ದ ಮನೆಗಳಲ್ಲಿ ಅಡಗಿದ ಪಿಶಾಚಿಗಳನ್ನು ಹಿಡಿಯುತ್ತಾರೆ. ಮುಂದೆ ಕಬ್ಬಿಣದ ಸಲಾಕೆ ಹಿಡಿದ ಒಬ್ಬ ಮುದುಕಿ. ನಡುವೆ ತಮಟೆಯವನು, ಅವನ ಸದ್ದಿಗೆ ಪಿಶಾಚಿ ಹೊರಗೆ ಬರಬೇಕು. ಕಟ್ಟಕಡೆಗೆ ಪಂಜು ಹಿಡಿದ ಒಬ್ಬ ಪುಕ್ಕಲ. ಪ್ರತಿ ತಿಂಗಳೂ ಅವನು ಓಡಿಹೋಗಬೇಕು ಅಂದುಕೊಳ್ಳುತ್ತಾನೆ, ಓಡುವುದಿಲ್ಲ. ಮಾವನ ಪ್ರಾಣವೆಲ್ಲ ಈ ಪಂಜಿನವನ ಮೇಲೆ. "ಆ ಮುದುಕಿಗೇನು, ಭಯಾನೇ ಇಲ್ಲ. ಭಯ ಇದ್ದೂ ನಿಂತ್ಕೊಂಡಿರ್ತಾನಲ್ಲ, ಅವನು ಕಣೇ ಗಂಡಸು!" ಈ ಕಥೆಯಲ್ಲಿ ಒಳ್ಳೆಯವರೇ ಗೆಲ್ಲಬೇಕೆಂಬ ನಿಯಮವಿರಲಿಲ್ಲ. ಯಾವ ತಿಂಗಳು ಯಾವ ಬೇಟೆಗಾರ ಸಾಯುತ್ತಾನೋ ಗೊತ್ತಿಲ್ಲ. ಹೊಸ ಪುಸ್ತಕ ಬಂದ ದಿನ ಮಾವನದು ಒಂದೇ ಪ್ರಶ್ನೆ: ಪಂಜಿನವನು ಬದುಕಿದನೇ?

ಅದನ್ನು ತಾನೇ ಓದಿ ತಿಳಿದುಕೊಳ್ಳುವ ಧೈರ್ಯ ಅವನಿಗೆಲ್ಲಿ ಬರಬೇಕು? ಪುಸ್ತಕ ತಂದು ನೇರವಾಗಿ ಅಮ್ಮನ ಮುಂದೆ ಇಡುತ್ತಿದ್ದ. ಅಮ್ಮ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬಡಾವಣೆಯ ಹೆಂಗಸರಿಗೆಲ್ಲ ಬ್ಲೌಸು ಹೊಲಿಯುತ್ತಿದ್ದಳು. ಪುಸ್ತಕ ಕಂಡ ತಕ್ಷಣ ಅವಳ ಮಂಗಳಾರತಿ ಶುರು.

"ಇಷ್ಟುದ್ದ ಬೆಳೆದಿದೀಯಾ, ನಾಚಿಕೆ ಆಗಲ್ವೇನೋ? ದರಿದ್ರ ಪುಸ್ತಕ! ಮೋರಿಗೆ ಎಸೀತೀನಿ ನೋಡು."

"ಎಸಿ ಅಕ್ಕ. ಓದ್ಬಿಟ್ಟು ಎಸಿ."

ಅಮ್ಮ ಬೈದುಕೊಂಡೇ ಓದಲು ಕೂರುತ್ತಿದ್ದಳು. ಆಮೇಲೆ ನೋಡಬೇಕು! ಒಲೆಯ ಮೇಲೆ ಸಾರು ಸೀದರೂ ಎಚ್ಚರವಿಲ್ಲ, ಬ್ಲೌಸು ಕೇಳಲು ಬಂದವರು ಬಾಗಿಲಲ್ಲಿ ನಿಂತರೂ ಎಚ್ಚರವಿಲ್ಲ. ಓದಿ ಮುಗಿಸಿ, ದೊಡ್ಡ ಉಸಿರು ಬಿಟ್ಟು, ಸೂಜಿಗೆ ದಾರ ಪೋಣಿಸುತ್ತಿದ್ದಳು. ಯಾವ ಪುಟಗಳಲ್ಲಿ ಪಿಶಾಚಿ ಮುಖ ತೋರಿಸಿತ್ತೋ ಆ ಎದುರುಬದುರು ಪುಟಗಳನ್ನು ಸೇರಿಸಿ ಅಂಚಿಗೆ ಕಚ್ಚಾ ಹೊಲಿಗೆ ಹಾಕಿಬಿಡುತ್ತಿದ್ದಳು! "ತಗೋ, ಈಗ ಓದ್ಕೋ. ಹೊಲಿದಿರೋದು ನಿಂಗೆ ಬೇಡ." ಆವತ್ತು ಮಿಷನ್ನಿನ ಮೇಲೆ ಯಾವ ಬಣ್ಣದ ಬ್ಲೌಸಿತ್ತೋ ಅದೇ ಬಣ್ಣದ ದಾರ. ಮಾವ ಹೊಲಿಗೆಯ ತನಕ ಓದಿ, ಹೊಲಿಗೆ ಹಾರಿಸಿ, ಆಚೆಯಿಂದ ಮತ್ತೆ ಓದುತ್ತಿದ್ದ. "ಇಲ್ಲಿ ಏನಾಯ್ತಕ್ಕ?" ಅಂದರೆ ಅಮ್ಮ ಮಿಷನ್ ತುಳಿಯುತ್ತಲೇ ಹೇಳುತ್ತಿದ್ದಳು: "ಒಂದು ಬಂತು. ಕೆಟ್ಟದಾಗಿತ್ತು. ಹೋಯ್ತು."

ಅಷ್ಟರಲ್ಲಿ ತೃಪ್ತಿಪಟ್ಟು ಸುಮ್ಮನಿದ್ದನೇ? ಎಲ್ಲಿ ಬಂತು! ಕಂಡಕಂಡವರಿಗೆಲ್ಲ ಪುಸ್ತಕ ಹಂಚುವುದೇ ಅವನ ವ್ರತವಾಯಿತು. ಮೊಟ್ಟೆ ಕೊಳ್ಳಲು ಬಂದವರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರಿಗೆ! "ನೀವು ಕಗ್ಗತ್ತಲ ಬೇಟೆಗಾರರು ಓದಿಲ್ವಾ? ಅಯ್ಯೋ, ಓದಿ ಸಾರ್. ತೂಬಿನ ಪಿಶಾಚಿಯಿಂದ ಶುರು ಮಾಡಿ. ಹೊಲಿಗೆ ಮಾತ್ರ ಬಿಚ್ಚಬೇಡಿ."

ಮೊದಲು ಬಲಿಯಾದವರು ನಮ್ಮ ಪಕ್ಕದ ಸೈಕಲ್ ಶಾಪಿನ ಚಾಚಾ. ಪುಸ್ತಕ ತಿರುವಿ ನೋಡಿ ಕಣ್ಣು ಬಿಟ್ಟರು. "ಅರೆ ಭಾಯ್, ಪುಸ್ತಕ ಕೊಟ್ರಾ, ಬ್ಲೌಸ್ ಕೊಟ್ರಾ? ಕೈಕು ಇಷ್ಟು ಹೊಲಿಗೆ?"

"ಒಳಗೆ ಪಿಶಾಚಿ ಇದೆ ಚಾಚಾ."

"ಪಿಶಾಚಿಗೋಸ್ಕರಾನೇ ಅಲ್ವಾ ಪುಸ್ತಕ ಓದೋದು!"

ನ್ಯಾಯವಾದ ಮಾತು. ಚಾಚಾ ಮನೆಗೆ ಹೋಗಿ ಹೊಲಿಗೆ ಬಿಚ್ಚಿ ಓದಿ, ಸೈಕಲ್ ಸೀಟು ಹೊಲಿಯುವ ದಪ್ಪ ದಾರದಲ್ಲಿ ಮತ್ತೆ ಹೊಲಿದು, ಏನೂ ಗೊತ್ತಿಲ್ಲದವರಂತೆ ವಾಪಸ್ ಕೊಟ್ಟರು. ಅಮ್ಮ ದೂರದಿಂದಲೇ ಹಿಡಿದುಬಿಟ್ಟಳು. "ಇದು ನನ್ನ ಕೈ ಹೊಲಿಗೆ ಅಲ್ಲ. ಯಾರು ಬಿಚ್ಚಿದ್ದು?" ಚಾಚಾ ತಲೆ ಕೆರೆದುಕೊಂಡು ಒಪ್ಪಿಕೊಂಡರು. ಆಮೇಲೆ ಅವರು ಅಂಗಡಿಯ ಬೆಂಚಿನ ಮೇಲೆ ಮಾವನನ್ನು ಕೂರಿಸಿ ತೂಬಿನ ಪಿಶಾಚಿಯನ್ನು ಬಣ್ಣಿಸಿದರು. ಪಾಚಿ ಮೆತ್ತಿದ ಕೂದಲು, ನೀರೊಳಗಿಂದ ಮೇಲೆ ಬರುವ ಕೈ. ಮಾವ ಎರಡೂ ಕಿವಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಎಲ್ಲವನ್ನೂ ಕೇಳಿ, ಕೊನೆಗೆ ಹಣೆ ಚಚ್ಚಿಕೊಂಡ. "ಛೇ! ನೋಡ್ಬೇಕಾಗಿತ್ತು ಕಣ್ರೀ!"

ಈ 'ನೋಡ್ಬೇಕಾಗಿತ್ತು' ಅವನ ಬಾಯಲ್ಲಿ ಸದಾ ಇರುತ್ತಿತ್ತು. ಹೆದರಿಕೆಗೆ ಬಿಟ್ಟದ್ದನ್ನೆಲ್ಲ ಆಮೇಲೆ ಹೀಗೆ ಹಲುಬುತ್ತಿದ್ದ. ಆ ತಿಂಗಳು ಮುಗಿಯುವವರೆಗೂ ಹೆಬ್ಬಾಳ ಕೆರೆ ಏರಿಯ ಮೇಲೆ ಬಸ್ಸಿನಲ್ಲಿ ಹೋಗುವಾಗ ನೀರಿನ ಕಡೆಯ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದ.

ತಿಂಗಳಿಗೊಮ್ಮೆ ಪ್ರೆಸ್ಸಿನ ಮುಂದೆ ಅಭಿಮಾನಿಗಳು ಸೇರುತ್ತಿದ್ದರು. ಒಂದು ಸಲ ಮಾವ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಲ್ಲಿ ಅಬ್ಬಿಗೆರೆಯ ಗೌಡರೊಬ್ಬರು, ಮಾರ್ಕೆಟ್ಟಿಗೆ ತರಕಾರಿ ಹಾಕಿ ಬಂದವರು, ಬೀಡಿ ಹಚ್ಚಿಕೊಂಡು ಕೇಳಿದರು. "ಸೋಮಿ, ಓದ್ಸಲದ ಬಾವಿ ಪಿಸಾಚಿ ಇತ್ತಲ್ಲ, ಯಪ್ಪಾ! ಇಂಗೆ ಕತ್ತು ಉದ್ದ ಮಾಡ್ಕೊಂಡು ಮ್ಯಾಕ್ಕೆ ಬತ್ತದೆ. ನಿಮ್ಗೆ ಎಂಗನ್ನುಸ್ತು?"

ಎಲ್ಲರೂ ಮಾವನ ಕಡೆ ತಿರುಗಿದರು. ಬಾವಿ ಪಿಶಾಚಿಯ ಕತ್ತನ್ನು ಅವನು ಎಲ್ಲಿ ನೋಡಿದ್ದ? ನೋಡಿದ್ದು ಅಮ್ಮನ ಹಸಿರು ಹೊಲಿಗೆ ಮಾತ್ರ. ಆ ಹೊಲಿಗೆಯ ಉದ್ದ ನೆನೆದು ಗಂಭೀರವಾಗಿ ಹೇಳಿದ: "ಎಂಟು ಇಂಚು."

ಗೌಡರು ಬೀಡಿ ಬಾಯಿಂದ ತೆಗೆದರು. "ಅಳ್ದೇ ಬುಟ್ಟವ್ರೆ ನೋಡ್ರಪ್ಪೋ! ಓದಾದು ಅಂದ್ರೆ ಇಂಗೆ ಓದ್ಬೇಕು!" ಅಂದಿನಿಂದ ಯಶವಂತಪುರದಲ್ಲಿ ಮಾವನಿಗೆ ಕೂರಲು ಸ್ಟೂಲು, ಕುಡಿಯಲು ಅರ್ಧ ಕಾಫಿ.

ಹೆಣ್ಣು ನೋಡುವ ಶಾಸ್ತ್ರದಲ್ಲೂ ಈ ಮನುಷ್ಯ ಭೂತ ಬಿಡಲಿಲ್ಲ! ಅಮ್ಮ ಎಲ್ಲೆಲ್ಲೋ ವಿಚಾರಿಸಿ ಹಳೆ ಯಲಹಂಕದಲ್ಲಿ ಒಂದು ಸಂಬಂಧ ನೋಡಿದ್ದಳು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಯಿತು. ಹುಡುಗಿಯ ಹತ್ತಿರ ಏನಾದರೂ ಮಾತಾಡಪ್ಪ ಅಂದರು. ನಮ್ಮ ಮಾವ ತಲೆ ತಗ್ಗಿಸಿಕೊಂಡೇ ಚೀಲದಿಂದ ಪುಸ್ತಕ ತೆಗೆದು, "ತೂಬಿನ ಪಿಶಾಚಿಯಿಂದ ಶುರು ಮಾಡಿ," ಅಂದನಂತೆ. ಹುಡುಗಿ ಕಿಸಕ್ಕನೆ ನಕ್ಕು ಪುಸ್ತಕ ಇಸಿದುಕೊಂಡಳಂತೆ. ಅವಳಪ್ಪನೂ ಕುತೂಹಲಕ್ಕೆ ಹೊಲಿಗೆ ಬಿಚ್ಚಿ ನೋಡಿ, ಕಾಫಿಯನ್ನು ಪಂಚೆಯ ಮೇಲೆ ಚೆಲ್ಲಿಕೊಂಡರಂತೆ. ವಾರ ಕಳೆದ ಮೇಲೆ ಬ್ರೋಕರು ಪುಸ್ತಕ ವಾಪಸ್ ತಂದರು. "ಹುಡುಗ ಒಳ್ಳೆಯವನೇ. ಆದ್ರೆ ಪುಸ್ತಕಕ್ಕೆ ಹೊಲಿಗೆ ಹಾಕೋ ಮನೆಗೆ ಹೆಣ್ಣು ಕೊಡೋದು ಹೆಂಗೆ ಅಂತಿದಾರೆ."

ಅಮ್ಮ ಪುಸ್ತಕ ತಿರುಗಿಸಿ ನೋಡಿದಳು. ಬಿಚ್ಚಿದ ಪುಟಗಳನ್ನು ಆ ಹುಡುಗಿ ಅಚ್ಚುಕಟ್ಟಾಗಿ, ಅದೇ ಬಣ್ಣದ ದಾರ ಹುಡುಕಿ, ಮತ್ತೆ ಹೊಲಿದು ಕಳಿಸಿದ್ದಳು. "ಒಳ್ಳೇ ಹುಡುಗಿ ಕಣೋ," ಅಂದು ಅಮ್ಮ ಬಹಳ ಹೊತ್ತು ಆ ಹೊಲಿಗೆಯನ್ನೇ ನೋಡುತ್ತ ಕೂತಳು. ನಾನು ಆವತ್ತು ಜೊತೆಗೆ ಹೋಗಿರಲಿಲ್ಲ, ಅದಕ್ಕೆ ಮಾವನನ್ನು ಕೇಳಿದೆ: "ಹೇಗಿದ್ರು ಮಾವ ನೋಡೋಕೆ?" ಮಾವ ಪೆಚ್ಚಾಗಿ ಹೇಳಿದ: "ತಲೆ ಎತ್ತಲೇ ಇಲ್ಲ ಕಣೇ. ಛೇ, ನೋಡ್ಬೇಕಾಗಿತ್ತು." ಆಮೇಲೆ ಬಂದ ಸಂಬಂಧಗಳಿಗೆಲ್ಲ ಏನಾದರೊಂದು ನೆಪ ಹೇಳುತ್ತಿದ್ದ. ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತೆಂದು ಕೇಳಿದೆವು. ಇವತ್ತಿಗೂ ನನಗೆ ಅನ್ನಿಸುವುದುಂಟು, ಇವನು ಆವತ್ತು ಒಂದೇ ಒಂದು ಸಲ ತಲೆ ಎತ್ತಿದ್ದರೆ ನಮ್ಮ ಮನೆಗೆ ಎಂಥ ಅತ್ತೆ ಬರುತ್ತಿದ್ದಳು ಅಂತ.

ಇಷ್ಟರ ನಡುವೆ ಕಥೆಯಲ್ಲಿ ತಮಟೆಯವನು ಸತ್ತುಹೋದ. ಓದಿದ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ. ಆ ಪುಟಗಳಿಗೆ ಒಂದು ಸಾಲು ಸಾಲದೆಂದು ಎರಡು ಸಾಲು ಹೊಲಿಗೆ ಹಾಕಿದಳು. ಮಾವ ಓದಿ ಮುಗಿಸಿ ಬಂದ.

"ಅಕ್ಕ, ತಮಟೆಯವನು ಎಲ್ಲಿ?"

"ಊರಿಗೆ ಹೋದ."

"ಯಾಕೆ?"

"ತಂಗಿ ಮದುವೆಯಂತೆ. ಬರ್ತಾನೆ ಬಿಡು."

ಮುಂದಿನ ತಿಂಗಳು ಅವನು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಎಂಥ ಮದುವೆಯಪ್ಪಾ ಅದು! ಮಾವ ಅಂಗಡಿಗೆ ಹೋಗಿ ಚಾಚಾ ಹತ್ತಿರ ಪಂಚಾಯಿತಿ ಹಾಕಿದ. ಚಾಚಾಗೆ ಸತ್ಯ ಗೊತ್ತು. ಸ್ಪೋಕು ಬಿಗಿಯುತ್ತಿದ್ದವರು ಒಂದು ಸಲ ನನ್ನ ಮುಖ ನೋಡಿ, ಒಂದು ಸಲ ಅಮ್ಮನ ಮಿಷನ್ ಸದ್ದು ಬರುವ ಕಿಟಕಿ ನೋಡಿ, ತಣ್ಣಗೆ ಹೇಳಿದರು. "ಹೌದು ಭಾಯ್, ರಜಾ ಮೇಲೆ ಹೋಗಿದಾನೆ. ಊರಲ್ಲಿ ಜಮೀನ್ ಕೆಲಸಾನೂ ಇತ್ತಂತೆ."

ಎಂಬತ್ತರ ದಶಕದ ನಡುವೆ, ನಾನು ಪಿಯುಸಿ ಓದುತ್ತಿದ್ದಾಗ, ಪ್ರೆಸ್ಸಿನವರು ಕಥೆ ಮುಗಿಸುತ್ತೇವೆಂದು ಸಾರಿದರು. ಕೊನೆಯದಕ್ಕೆ ಮೊದಲಿನ ಪುಸ್ತಕದಲ್ಲಿ ಮುದುಕಿ ಗಾಯಗೊಂಡು ಮೇಲೆ ಉಳಿದಳು. ಪಂಜಿನವನು ಒಬ್ಬನೇ, ಎಂದೂ ಮುಂದೆ ಹೋಗದವನು, ಹಗ್ಗ ಹಿಡಿದು ಪಾಳು ಬಾವಿಗೆ ಇಳಿದ. ಪಂಜು ಆರಿತು. ಅಲ್ಲಿಗೆ ಪುಸ್ತಕ ಮುಗಿಯಿತು. ಮಾವ ಅನ್ನ ಬಿಟ್ಟ. "ಬದುಕ್ತಾನಾ ಅಕ್ಕ?" "ನಂಗೇನೋ ಗೊತ್ತು? ಮುಂದಿನ ತಿಂಗಳು ಬರ್ಲಿ."

ಆ ಮುಂದಿನ ತಿಂಗಳು ಬರುವಷ್ಟರಲ್ಲಿ ಅಮ್ಮ ಆಸ್ಪತ್ರೆ ಸೇರಿದ್ದಳು. ಹೊಟ್ಟೆನೋವು ಅಂತ ಬಹಳ ದಿನದಿಂದ ಅನ್ನುತ್ತಿದ್ದಳು, ಬ್ಲೌಸುಗಳು ಮುಗಿಯಲಿ ಅಂತ ಮುಂದೂಡುತ್ತಿದ್ದಳು. ತೋರಿಸುವ ಹೊತ್ತಿಗೆ ತಡವಾಗಿತ್ತು. ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಅಪ್ಪ ನನಗೆ ಹೇಳಿದರು. ಮಾವನಿಗೆ ಹೇಳಬೇಡಿ ಅಂದವಳು ಅಮ್ಮನೇ.

ಮಾವ ದಿನಾ ಮಧ್ಯಾಹ್ನ ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ. ಬಂದು ಆಸ್ಪತ್ರೆಯ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಕೂತುಬಿಡುತ್ತಿದ್ದ. ಒಳಗೆ ಕಾಲಿಡುವುದಿಲ್ಲ. "ಪುಟ್ಟಿ, ಮೊದ್ಲು ನೀನು ಹೋಗಿ ನೋಡ್ಕೊಂಡ್ ಬಾ. ಹೇಗಿದಾಳೆ ಹೇಳು. ಆಮೇಲೆ ನಾನ್ ಬರ್ತೀನಿ."

ನಾನು ಒಳಗೆ ಹೋಗುತ್ತಿದ್ದೆ. ಅಮ್ಮ ಹಾಸಿಗೆಯಲ್ಲಿ ಅರ್ಧವಾಗಿಹೋಗಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಕೂದಲು ಉದುರಿತ್ತು, ಬಳೆ ಮೊಳಕೈವರೆಗೆ ಜಾರುತ್ತಿತ್ತು. "ಬಂದಿದಾನಾ ಪುಕ್ಕಲ?" ಅಂತ ನಗುತ್ತಿದ್ದಳು. "ಚೆನ್ನಾಗಿದಾಳೆ ಅಂತ ಹೇಳು. ಮುಂದಿನ ವಾರ ಮನೆಗೆ ಬರ್ತಾಳಂತೆ ಅನ್ನು. ಒಳಗೆ ಮಾತ್ರ ಕರ್ಕೊಂಡ್ ಬರ್ಬೇಡ. ಈ ಮುಖ ನೋಡಿದ್ರೆ ತಡ್ಕೊಳಲ್ಲ ಅವನು."

ನಾನು ಹೊರಗೆ ಬಂದು ಹಾಗೆಯೇ ಹೇಳುತ್ತಿದ್ದೆ. ಮಾವ ನನ್ನ ಮುಖವನ್ನೇ ನೋಡಿ, "ಹಂಗಾದ್ರೆ ನಾಳೆ ನೋಡ್ತೀನಿ ಬಿಡು. ಇವತ್ತು ಮಲ್ಗಿರ್ತಾಳೆ," ಅನ್ನುತ್ತಿದ್ದ. ಮರುದಿನವೂ ಅದೇ ಮಾತು, ಅದೇ ಮರ.

ಕೊನೆಯ ಪುಸ್ತಕ ಬಂತು. ಮಾವ ಅದನ್ನು ತೆರೆಯದೆ, ವೃತ್ತಪತ್ರಿಕೆಯಲ್ಲಿ ಸುತ್ತಿ ನನ್ನ ಕೈಲಿ ಕಳಿಸಿದ. "ಅಕ್ಕಂಗೆ ಆಯಾಸ ಆಗದೇ ಇದ್ರೆ ಮಾತ್ರ," ಅಂದ. ಅಮ್ಮನಿಗೆ ಪುಸ್ತಕ ಹಿಡಿದುಕೊಳ್ಳಲೂ ಆಗುತ್ತಿರಲಿಲ್ಲ. ನಾನು ಹಿಡಿದುಕೊಂಡೆ, ಅವಳು ಓದಿದಳು. ಇಬ್ಬರೂ ಒಟ್ಟಿಗೆ ಕೊನೆಯ ಪುಟಕ್ಕೆ ಬಂದೆವು. ಬಾವಿಯ ತಳ. ಪಿಶಾಚಿ ಸತ್ತಿತ್ತು. ಪಕ್ಕದಲ್ಲಿ ಪಂಜಿನವನೂ. ಹಗ್ಗ ಮಾತ್ರ ಮೇಲೆ ಹೋಗಿತ್ತು.

ಅಮ್ಮ ಪುಸ್ತಕ ಮುಚ್ಚಿಸಿದಳು. ಆಮೇಲೆ ಮನೆಯಿಂದ ಸೂಜಿ ದಾರ ತರಲು ಹೇಳಿದಳು. ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ. ಹೊಲಿಯುತ್ತೇನೆ ಅಂದರೆ ಕೊಡಲಿಲ್ಲ. ಒಂದೆರಡು ಪುಟವಲ್ಲ, ಈ ಸಲ ಇಡೀ ಪುಸ್ತಕವನ್ನು ಮೂರು ಕಡೆಯಿಂದಲೂ ಹೊಲಿದಳು. ಇಷ್ಟು ಹೊಲಿದು ಸುಸ್ತಾಗಿ ಮಲಗುವುದು, ಎದ್ದು ಮತ್ತೆ ಇಷ್ಟು. ಜೀವನವಿಡೀ ಗೆರೆ ಎಳೆದ ಹಾಗೆ ಹೊಲಿದವಳ ಕೈ, ಆ ಪುಸ್ತಕದ ಮೇಲೆ ಸೊಟ್ಟಸೊಟ್ಟಗೆ ಹೋಗಿತ್ತು.

"ಬದುಕ್ತಾನಂತೆ ಅಂತ ಹೇಳು," ಅಂದಳು.

ಗೇಟಿನಲ್ಲಿ ನಾನು ಹಾಗೆಯೇ ಹೇಳಿದೆ. ಮಾವ ಪುಸ್ತಕ ಇಸಿದುಕೊಂಡು, ಸುತ್ತಲೂ ಇದ್ದ ಹೊಲಿಗೆಯ ಮೇಲೆ ಬೆರಳಾಡಿಸಿದ. ಆಮೇಲೆ ಇದ್ದಕ್ಕಿದ್ದಂತೆ, "ಬದುಕಿದ್ನಾ! ನಾನ್ ಹೇಳಿರ್ಲಿಲ್ವಾ!" ಅಂತ ಕೂಗಿ, ಓಡಿಹೋಗಿ ಮೈಸೂರುಪಾಕು ತಂದು ಗೇಟಿನ ವಾಚ್‌ಮನ್‌ಗೂ ಹೂ ಮಾರುವವಳಿಗೂ ಹಂಚಿದ. ಅವರು ಯಾರ ಮನೆಯಲ್ಲೋ ಗಂಡು ಮಗು ಅಂದುಕೊಂಡು ತಿಂದರು.

ಆ ವಾರವೇ ಅಮ್ಮ ಹೋದಳು. ಅಷ್ಟು ದಿನ ಬಂದರೂ ಮಾವ ಅವಳನ್ನು ಒಂದು ಸಲವೂ ನೋಡಲಿಲ್ಲ. ಮನೆಗೆ ತಂದಾಗಲೂ ಕಾಲ ಹತ್ತಿರ ನಿಂತುಕೊಂಡಿದ್ದನೇ ಹೊರತು ಮುಖದ ಕಡೆ ಬರಲಿಲ್ಲ.

ಇದಾಗಿ ಕೆಲವು ವರ್ಷಗಳ ಮೇಲೆ, ಒಂದು ಸಂಜೆ ಚಾಚಾ ಅಂಗಡಿಯ ಬೆಂಚಿನ ಮೇಲೆ ಮಾವ ಎಂದಿನಂತೆ ಪುಸ್ತಕ ಶಿಫಾರಸು ಮಾಡುತ್ತ ಕೂತಿದ್ದ. ನಾನೂ ಅಲ್ಲಿದ್ದೆ. ಪಂಕ್ಚರ್ ಹಾಕಿಸಲು ಬಂದ ವಿದ್ಯಾರಣ್ಯಪುರದ ಹುಡುಗನೊಬ್ಬ, ಕಾಲೇಜು ಓದುವವನು, ಖುಷಿಯಿಂದ ಹೇಳಿದ. "ಗುರುಗಳೇ, ನಾನು ಎಲ್ಲಾ ಓದಿದೀನಿ! ಆದ್ರೆ ಕೊನೇಲಿ ಪಂಜಿನವನು ಸತ್ತೋಗ್ತಾನಲ್ಲ, ತುಂಬಾ ಬೇಜಾರಾಯ್ತು."

ಚಾಚಾ ಕೈಯಲ್ಲಿದ್ದ ಸ್ಪ್ಯಾನರ್ ಬಿತ್ತು. ಮಾವ ಮಾತ್ರ ಮೆಲ್ಲಗೆ ನಕ್ಕ. "ಹೌದೇನಪ್ಪಾ? ನಿನ್ನ ಪುಸ್ತಕದಲ್ಲಿ ಹಂಗಿದೆಯಾ? ನಮ್ಮಕ್ಕ ಓದಿದ್ರಲ್ಲಿ ಬದುಕ್ತಾನೆ."

ನಮ್ಮ ಮನೆಯ ಬಾಗಿಲಿಗೆ ಬಂದಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಮಾವ, ನಿಂಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಾಯ್ತು. ಬದುಕಿದ್ದಿದ್ರೆ ಯಾಕೆ ಹೊಲೀತಿದ್ಲು ಹೇಳು?" ಚಪ್ಪಲಿ ಬಿಟ್ಟು ಗೋಡೆಗೆ ಒರಗಿಸಿಟ್ಟ. "ತಮಟೆಯವನದೂ ಗೊತ್ತಿತ್ತು. ಚೆನ್ನಾಗಿದೀನಿ ಅಂತ ದಿನಾ ನಿನ್ನ ಕೈಲಿ ಹೇಳಿ ಕಳಿಸ್ತಿದ್ಲಲ್ಲ, ಅದೂ ಗೊತ್ತಿತ್ತು ಕಣೇ. ಎದ್ದು ಒಳಗೆ ಬರ್ಬೇಕಾಗಿತ್ತು. ಎಷ್ಟು ಕೆಟ್ಟದಾಗಿದ್ರೂ ನಮ್ಮಕ್ಕನ ಮುಖಾನೇ ಅಲ್ವಾ ಅದು? ಛೇ... ನೋಡ್ಬೇಕಾಗಿತ್ತು."

ಒಳಗೆ ಹೋಗಿ ಅವನ ಟ್ರಂಕಿನಿಂದ ಆ ಕೊನೆಯ ಪುಸ್ತಕ ತೆಗೆದು, ಅಮ್ಮನ ಕತ್ತರಿ ತಂದು ಪಕ್ಕದಲ್ಲಿ ಕೂತೆ. "ಈಗ ಬಿಚ್ತೀನಿ ಮಾವ. ಜೊತೇಲಿ ನಾನಿರ್ತೀನಿ, ಇಬ್ರೂ ನೋಡೋಣ."

ಮಾವ ಕತ್ತರಿಯನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು ದೂರ ಇಟ್ಟ. "ಬೇಡ ಪುಟ್ಟಿ. ಅವಳು ಹೊಲಿದ ಬ್ಲೌಸೆಲ್ಲ ಹರಿದುಹೋದ್ವು. ನಾನು ಹಂಚಿದ ಪುಸ್ತಕಗಳ ಹೊಲಿಗೆನೆಲ್ಲ ಜನ ಬಿಚ್ಚಿಬಿಟ್ರು. ಅವಳ ಕೈ ಹೊಲಿಗೆ ಅಂತ ಉಳಿದಿರೋದು ಇದೊಂದೇ."